ಕನ್ನಡದಲ್ಲಿ ಸ್ವಂತ ಬ್ಲಾಗ್: ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ಸಾಹಿತ್ಯ ಕಾರ್ಯಕ್ರಮಗಳ ಕಾಫಿ ವಿರಾಮದಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಮೊದಮೊದಲಿನವು ಏನೂ ಗೊತ್ತಿಲ್ಲದವರಿಗೆ, ಕೊನೆಯವು ಈಗಾಗಲೇ ಬರೆಯುತ್ತಿರುವವರಿಗೆ. ನಿಮಗೆ ಬೇಕಾದದ್ದನ್ನಷ್ಟೇ ಓದಿಕೊಂಡರೂ ಸಾಕು.

## ಶುರುಮಾಡುವ ಮುನ್ನ

ಫೇಸ್‌ಬುಕ್ಕಲ್ಲೇ ಬರೀತೀನಲ್ಲ, ಮತ್ತೆ ಬ್ಲಾಗ್ ಯಾಕೆ?

ಫೇಸ್‌ಬುಕ್ಕಿನಲ್ಲಿ ಮೂರು ವರ್ಷದ ಹಿಂದೆ ನೀವೇ ಬರೆದದ್ದನ್ನು ಈಗ ಹುಡುಕಿ ನೋಡಿ. ಸಿಕ್ಕರೆ ನಿಮ್ಮ ಪುಣ್ಯ. ಅಲ್ಲಿ ಬರಹಕ್ಕೆ ಒಂದೆರಡು ದಿನದ ಆಯುಷ್ಯ. ಆ ಎರಡು ದಿನ ಬರುವ ಲೈಕುಗಳ ರಭಸ ಬ್ಲಾಗಿನಲ್ಲಿ ಸಿಗುವುದಿಲ್ಲ, ನಿಜ. ಆದರೆ ಬ್ಲಾಗಿನ ಪ್ರತಿ ಬರಹಕ್ಕೂ ಅದರದ್ದೇ ವಿಳಾಸ ಇರುತ್ತದೆ. ಲಾಗಿನ್ ಆಗದೆ ಯಾರು ಬೇಕಾದರೂ ಓದಬಹುದು. ಐದು ವರ್ಷದ ನಂತರ ಯಾರೋ ಗೂಗಲ್‌ನಲ್ಲಿ ಹುಡುಕಿಕೊಂಡು ಬಂದು ಓದುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಬೇಸರ ಬಂದ ದಿನ ಅಷ್ಟೂ ಬರಹವನ್ನು ಕಟ್ಟಿಕೊಂಡು ಬೇರೆಡೆಗೆ ಹೋಗಬಹುದು. ಬ್ಲಾಗಿನಲ್ಲಿ ಬರೆದು ಫೇಸ್‌ಬುಕ್ಕಿನಲ್ಲಿ ಕೊಂಡಿ ಹಾಕಿ, ಎರಡನ್ನೂ ಬಿಡಬೇಕಿಲ್ಲ.

ಈಗಲೂ ಬ್ಲಾಗ್ ಓದೋರು ಇದ್ದಾರಾ? ಆ ಕಾಲ ಮುಗೀತಲ್ವಾ?

ದಿನ ಬೆಳಗಾದರೆ ಹತ್ತು ಬ್ಲಾಗ್ ತೆರೆದು ನೋಡುತ್ತಿದ್ದ ಕಾಲ ಮುಗಿದಿದೆ. 2005ರ ನಂತರದ ಐದಾರು ವರ್ಷ ಕನ್ನಡ ಬ್ಲಾಗುಗಳದ್ದೇ ಒಂದು ಊರಿತ್ತು. ಒಬ್ಬರ ಪುಟದ ಪಕ್ಕದಲ್ಲಿ ಇನ್ನೊಬ್ಬರ ಕೊಂಡಿ, ಸಂಪದ, ಅವಧಿ, ಕೆಂಡಸಂಪಿಗೆಯಂಥ ತಾಣಗಳಲ್ಲಿ ಭೇಟಿ, ಆಮೇಲೆ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಮುಖತಃ ಪರಿಚಯ. ಆ ಗದ್ದಲ ಈಗ ಇಲ್ಲ. ಈಗ ಓದುಗರು ಎರಡು ದಾರಿಯಿಂದ ಬರುತ್ತಾರೆ: ವಾಟ್ಸಾಪಿನಲ್ಲಿ ಯಾರೋ ಕಳಿಸಿದ ಕೊಂಡಿ ಹಿಡಿದು, ಇಲ್ಲವೇ ಒಂದು ನಿರ್ದಿಷ್ಟ ವಿಷಯ ಹುಡುಕಿಕೊಂಡು. ಎರಡನೆಯ ಬಗೆಯವರು ಕಡಿಮೆ, ಆದರೆ ಪೂರ್ತಿ ಓದುವವರು ಅವರೇ.

ನನಗೆ ಕಂಪ್ಯೂಟರ್ ಬರಲ್ಲ, ಬರೀ ಮೊಬೈಲ್ ಇದೆ. ಆಗತ್ತಾ?

ಆಗುತ್ತದೆ. ಬ್ಲಾಗ್ ತೆರೆಯಲು ಒಂದು ಜಿಮೇಲ್ ಖಾತೆ, ಫೋನಿನಲ್ಲಿರುವ ಕ್ರೋಮ್ ಇಷ್ಟೇ ಸಾಕು. ಬರಹವನ್ನು ನೇರವಾಗಿ ಬ್ಲಾಗಿನ ಪುಟದಲ್ಲಿ ಟೈಪಿಸಬೇಡಿ. ಕರೆ ಬಂದು ಪುಟ ರಿಫ್ರೆಶ್ ಆದರೆ ಬರೆದದ್ದು ಹೋಗಬಹುದು. ಗೂಗಲ್ ಡಾಕ್ಸ್‌ನಲ್ಲೋ ಕೀಪ್‌ನಲ್ಲೋ ಬರೆದು ಆಮೇಲೆ ಅಂಟಿಸಿ. ಜಿಬೋರ್ಡ್‌ನಲ್ಲಿ ಕನ್ನಡ ಸೇರಿಸಿಕೊಂಡರೆ ಮೈಕ್ ಒತ್ತಿ ಹೇಳಿ ಬರೆಸಲೂಬಹುದು. ಹೇಳಿ ಬರೆಸಿದ್ದಕ್ಕೆ ಪೂರ್ಣವಿರಾಮ, ಪ್ಯಾರಾ ನೀವೇ ಹಾಕಬೇಕು. ನಿಮ್ಮೂರಿನ ಮಾತಿನ ಧಾಟಿಯನ್ನು ಅದು ತನಗೆ ಗೊತ್ತಿರುವ ಕನ್ನಡಕ್ಕೆ ತಿದ್ದಿಬಿಡುತ್ತದೆ, ಆದ್ದರಿಂದ ಒಮ್ಮೆ ಓದಿ ಸರಿಪಡಿಸದೆ ಪ್ರಕಟಿಸಬೇಡಿ.

ಎಷ್ಟು ದುಡ್ಡಾಗತ್ತೆ?

ಸೊನ್ನೆಯಿಂದ ಶುರು. ಬ್ಲಾಗರ್ ಎಂಬ ಗೂಗಲ್‌ನ ಸೇವೆ ಪೂರ್ತಿ ಉಚಿತ. ವರ್ಡ್‌ಪ್ರೆಸ್ ಡಾಟ್ ಕಾಮ್ ಎಂಬ ಇನ್ನೊಂದು ಸೇವೆಯ ಉಚಿತ ಯೋಜನೆಯೂ ಇದೆ, ಆದರೆ ನಿಮ್ಮ ಬರಹದ ನಡುವೆ ಅವರ ಜಾಹೀರಾತು ಬರುತ್ತದೆ. ಸ್ವಂತ ಡೊಮೇನ್, ಅಂದರೆ ನಿಮ್ಮದೇ ಹೆಸರಿನ ವೆಬ್ ವಿಳಾಸ ಬೇಕೆಂದರೆ ಡಾಟ್ ಇನ್ ಹೆಸರಿಗೆ ವರ್ಷಕ್ಕೆ ಸುಮಾರು 500ರಿಂದ 1,000 ರೂಪಾಯಿ. ‘ಮೊದಲ ವರ್ಷ ಬರೀ 99’ ಎಂದು ಆಸೆ ತೋರಿಸುವ ಕಡೆ ಎರಡನೇ ವರ್ಷದ ನವೀಕರಣ ದರ ಎಷ್ಟೆಂದು ಮೊದಲು ನೋಡಿಕೊಳ್ಳಿ. ಸ್ವಂತ ಹೋಸ್ಟಿಂಗ್‌ಗೆ, ಅಂದರೆ ಬ್ಲಾಗನ್ನು ಇಡಲು ಬಾಡಿಗೆಗೆ ಪಡೆಯುವ ಸರ್ವರ್ ಜಾಗಕ್ಕೆ, ವರ್ಷಕ್ಕೆ ಕೆಲವು ಸಾವಿರ. ಮೊದಲ ವರ್ಷ ಅದರ ಸುದ್ದಿಗೇ ಹೋಗಬೇಡಿ.

## ಬ್ಲಾಗ್ ತೆರೆಯುವುದು

ಬ್ಲಾಗರ್ ಒಳ್ಳೇದಾ, ವರ್ಡ್‌ಪ್ರೆಸ್ ಒಳ್ಳೇದಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಇದೇ ಚರ್ಚೆಯಲ್ಲಿ ಆರು ತಿಂಗಳು ಕಳೆದು ಒಂದು ಸಾಲನ್ನೂ ಬರೆಯದವರಿದ್ದಾರೆ. ಹೊಸಬರಿಗೆ ನನ್ನ ಉತ್ತರ ಬ್ಲಾಗರ್.

ಬ್ಲಾಗರ್ 1999ರಲ್ಲಿ ಶುರುವಾದದ್ದು. 2003ರಲ್ಲಿ ಗೂಗಲ್ ಕೊಂಡುಕೊಂಡಿತು. ನೋಡಲು ಹಳೆಯ ಕಾಲದ್ದು ಅನ್ನಿಸುತ್ತದೆ, ಹೊಸ ಸೌಲಭ್ಯ ಸೇರುವುದು ಅಪರೂಪ. ಆದರೆ ಸರ್ವರ್, ಸುರಕ್ಷತೆ, ಅಪ್‌ಡೇಟ್ ಯಾವುದೂ ನಿಮ್ಮ ತಲೆನೋವಲ್ಲ. ಸ್ವಂತ ಡೊಮೇನನ್ನು ಜೋಡಿಸಲೂ ಗೂಗಲ್ ದುಡ್ಡು ಕೇಳುವುದಿಲ್ಲ.

ವರ್ಡ್‌ಪ್ರೆಸ್ ಅಂದಾಗ ಎರಡು ಬೇರೆ ಸಂಗತಿಗಳು ಬೆರೆತುಹೋಗುತ್ತವೆ. ಡಾಟ್ ಕಾಮ್ ಅಂದರೆ ಒಂದು ಕಂಪನಿಯ ಸೇವೆ. ಖಾತೆ ತೆರೆದು ಬರೆಯುವುದು. ಡಾಟ್ ಆರ್ಗ್ ಅಂದರೆ 2003ರಿಂದ ಇರುವ ಮುಕ್ತ ತಂತ್ರಾಂಶ. ಅದನ್ನು ಇಳಿಸಿಕೊಂಡು ನೀವು ಬಾಡಿಗೆಗೆ ಪಡೆದ ಹೋಸ್ಟಿಂಗ್ ಮೇಲೆ ಕೂರಿಸಬೇಕು. ಎರಡನೆಯದರಲ್ಲಿ ಏನು ಬೇಕಾದರೂ ಮಾಡಬಹುದು, ಹಾಗೆಯೇ ಏನು ಕೆಟ್ಟರೂ ನೀವೇ ಸರಿಮಾಡಬೇಕು. ‘ವರ್ಡ್‌ಪ್ರೆಸ್ಸೇ ಒಳ್ಳೇದು’ ಅನ್ನುವವರು ಸಾಮಾನ್ಯವಾಗಿ ಎರಡನೆಯದರ ಬಗ್ಗೆ ಹೇಳುತ್ತಿರುತ್ತಾರೆ, ಕೇಳಿಸಿಕೊಂಡವರು ಮೊದಲನೆಯದನ್ನು ತೆರೆಯುತ್ತಾರೆ.

ಬ್ಲಾಗರ್‌ನಿಂದ ವರ್ಡ್‌ಪ್ರೆಸ್‌ಗೆ ಬರಹಗಳನ್ನು ಸಾಗಿಸುವ ದಾರಿ ಇದೆ. ಹಾಗಾಗಿ ಇವತ್ತಿನ ಆಯ್ಕೆ ಜನ್ಮಕ್ಕೆ ಅಂಟಿಕೊಳ್ಳುವುದಿಲ್ಲ.

ಬ್ಲಾಗಿನ ವಿಳಾಸ ಕನ್ನಡ ಅಕ್ಷರದಲ್ಲೇ ಇಡಬಹುದಾ?

ಬ್ಲಾಗಿನ ಹೆಸರು, ಅಂದರೆ ಪುಟದ ತಲೆಯ ಮೇಲೆ ಕಾಣುವುದು, ಧಾರಾಳವಾಗಿ ಕನ್ನಡದಲ್ಲಿರಲಿ. ಬ್ಲಾಗರ್ ಉಚಿತವಾಗಿ ಕೊಡುವ ಬ್ಲಾಗ್‌ಸ್ಪಾಟ್ ವಿಳಾಸದಲ್ಲಿ ಮಾತ್ರ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ ಬಿಟ್ಟು ಬೇರೇನೂ ನಡೆಯದು. ದುಡ್ಡು ಕೊಟ್ಟು ಕೊಳ್ಳುವ ಡೊಮೇನ್‌ಗಳಲ್ಲಿ ‘ಡಾಟ್ ಭಾರತ’ ಎಂಬ ಕನ್ನಡ ಲಿಪಿಯ ವಿಳಾಸವೇ ಇದೆ. ಆಸೆಯಿದ್ದರೆ ಕೊಳ್ಳಿ, ಆದರೆ ಅದೊಂದನ್ನೇ ನಂಬಬೇಡಿ: ಕೆಲವು ತಂತ್ರಾಂಶಗಳು ಅದನ್ನು ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ಸರವಾಗಿ ತೋರಿಸುತ್ತವೆ.

ಹೆಸರು ಚಿಕ್ಕದಿರಲಿ. ಫೋನಿನಲ್ಲಿ ಒಮ್ಮೆ ಹೇಳಿದರೆ ಎದುರಿನವರು ತಪ್ಪಿಲ್ಲದೆ ಟೈಪಿಸುವಂತಿರಬೇಕು. ‘ಹೃದಯಾಂತರಾಳ’ ಕೇಳಲು ಚೆಂದ, ಆದರೆ ಇಂಗ್ಲಿಷಿನಲ್ಲಿ ಅದನ್ನು ಹತ್ತು ಜನ ಹತ್ತು ಥರ ಬರೆಯುತ್ತಾರೆ.

ಖಾತೆ ತೆರೆದೆ. ಈಗ ಯಾವ ಯಾವ ಸೆಟ್ಟಿಂಗ್ ಮುಟ್ಟಬೇಕು?

ಬ್ಲಾಗರ್‌ನಲ್ಲಿ ಹತ್ತಾರು ಇವೆ. ಮೊದಲ ದಿನಕ್ಕೆ ಬೇಕಾದವು ನಾಲ್ಕೈದು.

ಭಾಷೆಯನ್ನು ಕನ್ನಡಕ್ಕೆ ಬದಲಿಸಿ. ತಿಂಗಳು, ವಾರದ ಹೆಸರುಗಳು ಕನ್ನಡದಲ್ಲಿ ಬರುತ್ತವೆ. ಸಮಯ ವಲಯವನ್ನು ಭಾರತದ್ದಕ್ಕೆ, ಅಂದರೆ ಕೋಲ್ಕತಾ 5:30ಕ್ಕೆ ಇಡಿ. ಅದು ಅಮೆರಿಕದ ಪಶ್ಚಿಮ ಕರಾವಳಿಯ ವೇಳೆಯಲ್ಲೇ ಉಳಿದಿದ್ದರೆ ಯುಗಾದಿಯ ಬೆಳಿಗ್ಗೆ ಹಾಕಿದ ಶುಭಾಶಯ ಅಮಾವಾಸ್ಯೆಯ ತಾರೀಖು ಹೊತ್ತು ಕೂತಿರುತ್ತದೆ. ‘ಸರ್ಚ್ ಎಂಜಿನ್‌ಗಳಿಗೆ ಕಾಣಿಸು’ ಎಂಬುದು ಆನ್ ಆಗಿದೆಯೇ ನೋಡಿ. ಕಾಮೆಂಟುಗಳನ್ನು ನೀವು ಒಪ್ಪಿದ ಮೇಲಷ್ಟೇ ಪ್ರಕಟವಾಗುವಂತೆ ಮಾಡಿ. ಕೊನೆಯದಾಗಿ, ಇದು ಬ್ಲಾಗಿನದ್ದಲ್ಲ, ಜಿಮೇಲ್‌ನದ್ದು: ಎರಡು ಹಂತದ ಪರಿಶೀಲನೆ ಆನ್ ಮಾಡಿ. ಜಿಮೇಲ್ ಕಳೆದುಕೊಂಡವರು ಬ್ಲಾಗನ್ನೂ ಕಳೆದುಕೊಂಡಂತೆಯೇ.

ಬಣ್ಣ, ಥೀಮ್, ಪಕ್ಕದ ಗಡಿಯಾರ, ಹಾರುವ ಚಿಟ್ಟೆ ಇವುಗಳನ್ನು ಹತ್ತು ಬರಹ ಆದ ಮೇಲೆ ನೋಡಿಕೊಳ್ಳೋಣ. ಚಿಟ್ಟೆಯನ್ನು ಆಮೇಲೂ ಬೇಡ.

## ಕನ್ನಡ ಅಕ್ಷರದ ತಾಪತ್ರಯಗಳು

ನುಡಿಯಲ್ಲಿ ಟೈಪ್ ಮಾಡಿಸಿದ ಇನ್ನೂರು ಪುಟ ಇದೆ ಸಾರ್. ಬ್ಲಾಗಿಗೆ ಹಾಕಿದ್ರೆ ಏನೇನೋ ಚಿತ್ರವಿಚಿತ್ರ ಬರತ್ತೆ.

ನಿಮ್ಮ ಬರಹ ಹಾಳಾಗಿಲ್ಲ, ಗಾಬರಿ ಬೇಡ. ‘ನುಡಿ’, ‘ಬರಹ’, ‘ಶ್ರೀಲಿಪಿ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕಡತದೊಳಗೆ ಕನ್ನಡ ಇರುವುದೇ ಇಲ್ಲ. ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತ. ಫಾಂಟು ಅವುಗಳ ಮೇಲೆ ಕನ್ನಡದ ಆಕಾರ ಬರೆದು ತೋರಿಸುತ್ತದೆ. ಫಾಂಟ್ ತೆಗೆದರೆ ಒಳಗಿನದು ಬಯಲಾಗುತ್ತದೆ. ‘ಕನ್ನಡ’ ಎಂಬ ಪದ ನುಡಿಯ ಹಳೆಯ ಫಾಂಟಿನಲ್ಲಿ ಶುರುವಾಗುವುದು ಇಂಗ್ಲಿಷಿನ ‘ಪಿ’, ತಲೆಯ ಮೇಲೆ ಗೀಟಿರುವ ‘ಎ’, ಆಮೇಲೆ ಬ್ರಿಟನ್ನಿನ ಪೌಂಡ್ ಚಿಹ್ನೆಯಿಂದ. ನೀವು ಕಂಡ ಚಿತ್ರವಿಚಿತ್ರ ಅದೇ.

ಯುನಿಕೋಡ್ ಎಂಬ ಈಗಿನ ಸಂಕೇತ ವ್ಯವಸ್ಥೆಯಲ್ಲಿ ಹಾಗಲ್ಲ, ಕನ್ನಡದ ಪ್ರತಿ ಅಕ್ಷರಕ್ಕೂ ಅದರದ್ದೇ ಸಂಕೇತ ಇದೆ. ಆದ್ದರಿಂದಲೇ ಅದು ಯಾವ ಫೋನಿನಲ್ಲೂ ಕಾಣುತ್ತದೆ, ಹುಡುಕಿದರೆ ಸಿಗುತ್ತದೆ. ಹಳೆಯ ಕಡತವನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಇನ್ನೂರು ಪುಟವನ್ನೂ ಒಮ್ಮೆಗೇ ಹಾಕಬೇಡಿ. ಒಂದು ಪುಟ ಬದಲಿಸಿ ಅರ್ಕಾವೊತ್ತು, ‘ಕ್ಷ’, ‘ಜ್ಞ’, ದೀರ್ಘಗಳು ಸರಿಯಾಗಿ ಬಂದಿವೆಯೇ ಎಂದು ಮೂಲದ ಜೊತೆ ಹೋಲಿಸಿ, ಆಮೇಲೆ ಮುಂದುವರಿಯಿರಿ. ನಡುವೆ ನಡುವೆ ಇಂಗ್ಲಿಷ್ ಪದಗಳಿದ್ದರೆ ಅವು ಕೆಡುವುದು ಖಂಡಿತ. ಪರಿವರ್ತಕಕ್ಕೆ ಅದು ಇಂಗ್ಲಿಷೋ ವೇಷ ಹಾಕಿದ ಕನ್ನಡವೋ ತಿಳಿಯದು. ನಿಮ್ಮ ಮಿಂಚಂಚೆ ವಿಳಾಸವನ್ನೂ ಒತ್ತಕ್ಷರ ಮಾಡಿ ಕೊಡುತ್ತದೆ. ಅಂಥ ಜಾಗಗಳನ್ನು ಕೈಯಲ್ಲೇ ತಿದ್ದಬೇಕು.

ಇನ್ನು ಮುಂದೆ ಡಿಟಿಪಿಯವರಿಗೆ ಕೊಡುವಾಗಲೇ ‘ಯುನಿಕೋಡ್ ಪ್ರತಿಯೂ ಬೇಕು’ ಅನ್ನಿ. ನುಡಿ, ಬರಹ ಎರಡರಲ್ಲೂ ಈಗ ಆ ಸೌಲಭ್ಯ ಇದೆ.

ಯಾವ ಕೀಬೋರ್ಡ್ ಕಲೀಲಿ?

ವಾರಕ್ಕೊಂದು ಪುಟ ಬರೆಯುವವರು ಇಂಗ್ಲಿಷ್ ಅಕ್ಷರದಲ್ಲಿ ಟೈಪಿಸಿ ಕನ್ನಡವಾಗಿಸುವ ಪದ್ಧತಿಯಲ್ಲೇ ಇರಬಹುದು. ವಿಂಡೋಸ್‌ನಲ್ಲಿ 2019ರಿಂದ ‘ಕನ್ನಡ ಫೋನೆಟಿಕ್’ ಒಳಗೇ ಬರುತ್ತದೆ, ಬೇರೆ ತಂತ್ರಾಂಶ ಬೇಡ. ಹೆಚ್ಚು ಬರೆಯುವವರು ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ ಕಲಿಯಲಿ ಎಂಬುದು ನನ್ನ ಪಕ್ಷಪಾತ. ಜನ ಅದನ್ನು ‘ನುಡಿ ಕೀಬೋರ್ಡ್’ ಅನ್ನುತ್ತಾರೆ. ಅದರಲ್ಲಿ ‘ಕನ್ನಡ’ಕ್ಕೆ ಐದು ಸಲ ಕೀಲಿ ಒತ್ತಿದರೆ ಮುಗಿಯಿತು, ಇಂಗ್ಲಿಷ್ ಅಕ್ಷರದ ದಾರಿಯಲ್ಲಿ ಏಳು. ಒಂದು ಪದಕ್ಕೆ ಎರಡು ಉಳಿದರೆ ಸಾವಿರ ಪದದ ಬರಹಕ್ಕೆ ಎಷ್ಟೆಂದು ನಿಮ್ಮ ಬೆರಳುಗಳೇ ಹೇಳುತ್ತವೆ. ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ವಿನ್ಯಾಸ ಈಗಾಗಲೇ ಬರುವವರು ಬದಲಿಸಬೇಕಿಲ್ಲ.

ನಾನು ಬರೆದದ್ದನ್ನ ನಾನೇ ಗೂಗಲ್ ಮಾಡಿದ್ರೂ ಸಿಗಲ್ಲ. ಯಾಕೆ?

ಬ್ಲಾಗ್ ತೀರ ಹೊಸದಾದರೆ ಗೂಗಲ್‌ಗೆ ಇನ್ನೂ ಅದರ ಪರಿಚಯ ಇಲ್ಲ. ಸರ್ಚ್ ಕನ್ಸೋಲ್ ಎಂಬ ಉಚಿತ ಸೇವೆಯಲ್ಲಿ ಬ್ಲಾಗನ್ನು ನೋಂದಾಯಿಸಿ, ಒಂದೆರಡು ವಾರ ಬಿಡಿ.

ಹಳೆಯ ಬ್ಲಾಗೂ ಸಿಗುತ್ತಿಲ್ಲವೆಂದರೆ ಅನುಮಾನ ಅಕ್ಷರದ ಮೇಲೆ. ಈ ಎರಡು ಪದ ನೋಡಿ: ‘ಬೆಂಗಳೂರು’, ‘ಬೆ೦ಗಳೂರು’. ಕಣ್ಣಿಗೆ ಹೆಚ್ಚುಕಡಿಮೆ ಒಂದೇ. ಮೊದಲನೆಯದರಲ್ಲಿ ಇರುವುದು ಅನುಸ್ವಾರ. ಎರಡನೆಯದರಲ್ಲಿ ಇರುವುದು ಕನ್ನಡದ ಅಂಕಿ ಸೊನ್ನೆ, ‘೧೦’ ಬರೆಯುವಾಗ ಬಳಸುತ್ತೇವಲ್ಲ ಅದು. ಕಂಪ್ಯೂಟರಿಗೆ ಇವು ಎರಡು ಬೇರೆ ಪದಗಳು. ಹಳೆಯ ಕನ್ನಡ ಬ್ಲಾಗುಗಳಲ್ಲಿ ಈ ಸೊನ್ನೆ ರಾಶಿ ರಾಶಿ ಬಿದ್ದಿದೆ. ಅದರ ತಮ್ಮ ವಿಸರ್ಗದ್ದು: ‘ದುಃಖ’ ಬರೆಯುವ ಬದಲು ಇಂಗ್ಲಿಷಿನ ಕೋಲನ್ ಹಾಕಿ ‘ದು:ಖ’ ಎಂದು ಬರೆಯುವುದು.

ಪರೀಕ್ಷೆ ಸುಲಭ. ನಿಮ್ಮ ಬರಹ ತೆರೆದು, ಬ್ರೌಸರ್‌ನ ಹುಡುಕು ಪೆಟ್ಟಿಗೆಯಲ್ಲಿ ಕನ್ನಡದ ಅಂಕಿ ಸೊನ್ನೆಯನ್ನು (೦) ಟೈಪಿಸಿ. ಪುಟವೆಲ್ಲ ಹಳದಿಯಾದರೆ ರೋಗ ಪತ್ತೆಯಾಯಿತು. ಬರಹವನ್ನು ವರ್ಡ್‌ಗೆ ತಂದು ಅಂಕಿ ಸೊನ್ನೆಯನ್ನು ಅನುಸ್ವಾರಕ್ಕೆ ಬದಲಿಸಿ. ನೀವು ಇಸವಿಗಳನ್ನು ಕನ್ನಡ ಅಂಕಿಯಲ್ಲಿ ಬರೆಯುವವರಾದರೆ ‘ಎಲ್ಲವನ್ನೂ ಬದಲಿಸು’ ಒತ್ತಬೇಡಿ, ಒಂದೊಂದಾಗಿ ನೋಡಿ. ಇಲ್ಲದಿದ್ದರೆ ನಿಮ್ಮ ೨೦೧೦ ಕೂಡ ಅನುಸ್ವಾರ ಹೊತ್ತುಕೊಳ್ಳುತ್ತದೆ.

ಇನ್ನೊಂದು ಕಾರಣ ತಲೆಬರಹ. ಅಡಿಕೆಗೆ ಮದ್ದು ಹೊಡೆಯುವ ಬಗ್ಗೆ ಚೆನ್ನಾಗಿ ಬರೆದು ‘ಮಳೆ, ನಾನು ಮತ್ತು ನೀಲಿ ಬಣ್ಣ’ ಎಂದು ಹೆಸರಿಟ್ಟರೆ, ಕೊಳೆರೋಗದ ಚಿಂತೆಯಲ್ಲಿ ಹುಡುಕುತ್ತಿರುವ ತೀರ್ಥಹಳ್ಳಿಯ ರೈತರಿಗೆ ಅದು ಸಿಗುವುದು ಹೇಗೆ? ‘ಅಡಿಕೆಗೆ ಶೇಕಡ 1ರ ಬೋರ್ಡೋ ದ್ರಾವಣ: ಅಳತೆ ಮತ್ತು ಬೆರೆಸುವ ಕ್ರಮ’ ಅನ್ನಿ, ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬುದನ್ನು ಮೊದಲ ಪ್ಯಾರಾದಲ್ಲೇ ಹೇಳಿ. ನೀಲಿ ಬಣ್ಣದ ಕಾವ್ಯ ಎರಡನೇ ಪ್ಯಾರಾದಿಂದ ಶುರುವಾಗಲಿ. ಲಲಿತ ಪ್ರಬಂಧಕ್ಕೆ, ಕವಿತೆಗೆ ಈ ನಿಯಮ ಬೇಡ.

ಲಿಂಕ್ ಕಳಿಸಿದ್ರೆ ಮಾರುದ್ದ ಶೇಕಡಾ ಚಿಹ್ನೆ ಬರತ್ತೆ. ಏನಿದು?

ವಿಳಾಸದಲ್ಲಿ ಕನ್ನಡ ಅಕ್ಷರ ಸೇರಿಕೊಂಡಿದೆ. ನಕಲು ಮಾಡಿ ಅಂಟಿಸುವಾಗ ಕನ್ನಡದ ಒಂದೊಂದು ಸಂಕೇತವೂ ಒಂಬತ್ತು ಚಿಹ್ನೆಗಳಾಗಿ ಬಿಚ್ಚಿಕೊಳ್ಳುತ್ತದೆ. ‘ಕನ್ನಡ’ದಲ್ಲಿ ಒತ್ತಕ್ಷರ ಮೂಡಿಸುವ ಹಲಂತ ಚಿಹ್ನೆಯೂ ಸೇರಿ ಐದು ಸಂಕೇತ, ಅಂದರೆ 45 ಚಿಹ್ನೆ. ಇಡೀ ತಲೆಬರಹವೇ ವಿಳಾಸವಾದರೆ ವಾಟ್ಸಾಪಿನಲ್ಲಿ ಅರ್ಧ ಪರದೆ ತುಂಬುತ್ತದೆ. ಇದು ವರ್ಡ್‌ಪ್ರೆಸ್‌ನವರ ಪಾಡು. ಬ್ಲಾಗರ್‌ನಲ್ಲಿ ಉಲ್ಟಾ: ಕನ್ನಡ ತಲೆಬರಹವನ್ನು ಅದು ಬಿಟ್ಟುಬಿಟ್ಟು ಎಲ್ಲಕ್ಕೂ ‘ಬ್ಲಾಗ್ ಪೋಸ್ಟ್’ ಎಂದೇ ಹೆಸರಿಟ್ಟು ಮುಂದೆ ಅಂಕಿ ಸೇರಿಸುತ್ತದೆ.

ಮದ್ದು ಎರಡಕ್ಕೂ ಒಂದೇ. ಪ್ರಕಟಿಸುವ ಮುನ್ನ ಪರ್ಮಾಲಿಂಕ್ (ಬರಹದ ವಿಳಾಸ) ಎಂಬಲ್ಲಿ ಎರಡು ಮೂರು ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ನೀವೇ ಬರೆಯಿರಿ. ಪ್ರಕಟಿಸಿದ ಮೇಲೆ ಬದಲಿಸಿದರೆ ಈಗಾಗಲೇ ಹಂಚಿದ ಕೊಂಡಿಗಳು ಸತ್ತುಹೋಗಬಹುದು.

ಚೆಂದದ ಫಾಂಟ್ ಯಾವುದು ಹಾಕಲಿ?

ಏನೂ ಹಾಕದಿದ್ದರೂ ಓದುಗರ ಫೋನಿನಲ್ಲಿರುವ ಫಾಂಟಿನಲ್ಲಿ ಕಾಣುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ಸಾಮಾನ್ಯವಾಗಿ ನೋಟೋ ಸಾನ್ಸ್ ಕನ್ನಡ. ಬೇರೆಯದು ಬೇಕೆಂದರೆ ಗೂಗಲ್ ಫಾಂಟ್ಸ್‌ನಲ್ಲಿ ನೋಟೋ ಸೆರಿಫ್ ಕನ್ನಡ, ತಿರೋ ಕನ್ನಡ, ಅನೇಕ್ ಕನ್ನಡ ಉಚಿತವಾಗಿವೆ. ‘ಬಾಲೂ ತಮ್ಮ’ ಎಂಬ ಫಾಂಟು ತಲೆಬರಹಕ್ಕೆ ಚೆಂದ, ಇಡೀ ಬರಹಕ್ಕೆ ಭಾರ.

ಫಾಂಟಿಗಿಂತ ಹೆಚ್ಚು ಕೆಲಸ ಮಾಡುವುದು ಸಾಲುಗಳ ನಡುವಿನ ಅಂತರ. ಇಂಗ್ಲಿಷಿಗಾಗಿ ಮಾಡಿದ ಥೀಮುಗಳಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಂತರವನ್ನು 1.7ರ ಆಸುಪಾಸಿಗೆ ಏರಿಸಿ. ಎರಡೂ ಅಂಚು ಸಮ ಮಾಡುವ ‘ಜಸ್ಟಿಫೈ’ ಬೇಡ. ನಮ್ಮ ಪದಗಳು ಉದ್ದ, ಫೋನಿನ ಪರದೆ ಕಿರಿದು. ಸಾಲಿಗೆರಡೇ ಪದ ಕೂತು ನಡುವೆ ಬಯಲು ಬೀಳುತ್ತದೆ. ಓರೆ ಅಕ್ಷರವನ್ನೂ ಬಿಡಿ, ಕನ್ನಡಕ್ಕೆ ಅದು ಒಗ್ಗುವುದಿಲ್ಲ.

## ಬರೆಯುವುದು

ಮೊದಲ ಪೋಸ್ಟ್ ಏನು ಬರೀಲಿ?

‘ನಮಸ್ಕಾರ, ಇದು ನನ್ನ ಮೊದಲ ಬರಹ, ನಿಮ್ಮ ಪ್ರೋತ್ಸಾಹವಿರಲಿ’ ಒಂದನ್ನು ಬಿಟ್ಟು ಏನಾದರೂ. ನಿಮಗೆ ಚೆನ್ನಾಗಿ ಗೊತ್ತಿದ್ದು ಕನ್ನಡದಲ್ಲಿ ಹುಡುಕಿದರೆ ಸಿಗದಂಥದ್ದು ಸಿಕ್ಕರೆ ಬಿಡಬೇಡಿ. ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ಹರಾಜು ನಡೆಯುವ ಬಗೆ, ನಿಮ್ಮ ಮನೆಯ ಅಪ್ಪೆಮಿಡಿ ಉಪ್ಪಿನಕಾಯಿಗೆ ಉಪ್ಪಿನ ಲೆಕ್ಕ, ಪಹಣಿಯಲ್ಲಿ ಹೆಸರು ತಿದ್ದಿಸಲು ನೀವು ಹತ್ತಿಳಿದ ಮೆಟ್ಟಿಲುಗಳು. ನಿಮ್ಮ ಪರಿಚಯವನ್ನು ‘ನನ್ನ ಬಗ್ಗೆ’ ಪುಟದಲ್ಲಿ ನಾಲ್ಕು ಸಾಲು ಬರೆದಿಟ್ಟರೆ ಸಾಕು. ಅದರಲ್ಲಿ ಮನೆ ವಿಳಾಸ, ಫೋನ್ ನಂಬರ್ ಬೇಡ.

ವಾರಕ್ಕೆ ಎಷ್ಟು ಬರೀಬೇಕು?

ಲೆಕ್ಕ ಇಲ್ಲ. ತಿಂಗಳಿಗೊಂದಾದರೂ ಪರವಾಗಿಲ್ಲ. ‘ಇಷ್ಟು ದಿನ ಬರೆಯಲಾಗಲಿಲ್ಲ, ಕ್ಷಮಿಸಿ’ ಎಂದು ಮಾತ್ರ ಬರೆಯಬೇಡಿ, ಯಾರೂ ಕಾಯುತ್ತಿರಲಿಲ್ಲ.

ಗೂಗಲ್ ಇಮೇಜಸ್‌ನಿಂದ ಫೋಟೋ ತೊಗೊಂಡ್ರೆ ತಪ್ಪಾ? ‘ಕೃಪೆ: ಅಂತರ್ಜಾಲ’ ಅಂತ ಹಾಕಿರ್ತೀನಲ್ಲ.

ತಪ್ಪು. ಅಂತರ್ಜಾಲ ಎಂಬ ಛಾಯಾಗ್ರಾಹಕ ಯಾರೂ ಇಲ್ಲ. ಗೂಗಲ್ ಚಿತ್ರವನ್ನು ಹುಡುಕಿ ತೋರಿಸುತ್ತದೆಯೇ ಹೊರತು ಅದರ ಒಡೆತನ ತೆಗೆದವರದ್ದು. ವಿಕಿಮೀಡಿಯ ಕಾಮನ್ಸ್‌ನಲ್ಲಿ ಹಂಪಿಯಿಂದ ಹೋಳಿಗೆವರೆಗೆ ಚಿತ್ರಗಳಿವೆ. ಪ್ರತಿಯೊಂದರ ಕೆಳಗೂ ಯಾವ ಷರತ್ತಿನ ಮೇಲೆ ಬಳಸಬಹುದು, ಯಾರ ಹೆಸರು ಹಾಕಬೇಕು ಎಂದು ಬರೆದಿರುತ್ತದೆ. ಅದಕ್ಕಿಂತ ನಿಮ್ಮ ಫೋನಿನಲ್ಲಿ ತೆಗೆದದ್ದೇ ವಾಸಿ. ಏರಿಸುವ ಮುನ್ನ ಅಗಲವನ್ನು 1200 ಪಿಕ್ಸೆಲ್‌ಗೆ ಇಳಿಸಿ. ಫೋನಿನಿಂದ ಬಂದ ನಾಲ್ಕೈದು ಎಂಬಿಯ ಚಿತ್ರ ಹಾಗೇ ಹಾಕಿದರೆ ಹಳ್ಳಿಯ ನೆಟ್‌ವರ್ಕಿನಲ್ಲಿ ಪುಟ ತೆರೆಯುವಷ್ಟರಲ್ಲಿ ಓದುಗರು ಎದ್ದು ಹೋಗಿರುತ್ತಾರೆ.

ಬೇಂದ್ರೆ ಕವನ ಪೂರ್ತಿ ಹಾಕಬಹುದಾ? ಎಲ್ಲರೂ ಹಾಕ್ತಾರಲ್ಲ.

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ ಎಣಿಸಿ 60 ವರ್ಷ ಹಕ್ಕು ಉಳಿಯುತ್ತದೆ. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ, ಹಾಗಾಗಿ 2041ರ ಕೊನೆಯವರೆಗೆ ಅವರ ಬದುಕಿದ್ದಾಗಿನ ಪ್ರಕಟಿತ ಕೃತಿಗಳ ಹಕ್ಕು ವಾರಸುದಾರರದ್ದು. ಗೋವಿಂದ ಪೈ ತೀರಿಕೊಂಡದ್ದು 1963ರಲ್ಲಿ. ಅವರವು 2024ರ ಜನವರಿಯಿಂದ ಎಲ್ಲರ ಸೊತ್ತು. ಕವಿತೆಯ ಬಗ್ಗೆ ಚರ್ಚಿಸುವಾಗ ನಾಲ್ಕಾರು ಸಾಲು ಹೆಸರು ಹೇಳಿ ಉದ್ಧರಿಸಲು ಕಾಯ್ದೆ ಅವಕಾಶ ಕೊಟ್ಟಿದೆ. ವಚನ, ಕೀರ್ತನೆಗಳನ್ನು ಪೂರ್ತಿ ಹಾಕಬಹುದು, ಆದರೆ ಇತ್ತೀಚಿನ ಸಂಪಾದಕರು ಬರೆದ ಟಿಪ್ಪಣಿ, ವ್ಯಾಖ್ಯಾನ ಅವರದ್ದು.

ಬ್ಲಾಗಲ್ಲಿ ಹಾಕಿದ ಕಥೇನ ಪತ್ರಿಕೆಗೆ ಕಳಿಸಬಹುದಾ?

ಬಹುತೇಕ ಕನ್ನಡ ಪತ್ರಿಕೆಗಳು, ಅದರಲ್ಲೂ ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಗಳು ‘ಎಲ್ಲೂ ಪ್ರಕಟವಾಗಿರಬಾರದು’ ಎಂಬ ಷರತ್ತು ಹಾಕುತ್ತವೆ. ಬ್ಲಾಗೂ ಪ್ರಕಟಣೆಯೇ. ಹಾಕಿ ಆಮೇಲೆ ಅಳಿಸಿದರೂ ಅಷ್ಟೇ. ಸ್ಪರ್ಧೆಗೆಂದು ಮನಸ್ಸಿನಲ್ಲಿರುವ ಕಥೆಯನ್ನು ಮೊದಲು ಅಲ್ಲಿಗೆ ಕಳಿಸಿ. ಬಹುಮಾನ ಬಂದು ಅಚ್ಚಾದ ಮೇಲೆ, ಅಥವಾ ವಾಪಸಾದ ಮೇಲೆ, ಬ್ಲಾಗಿಗೆ ತನ್ನಿ.

## ಓದುಗರು, ದುಡ್ಡು, ಕಾನೂನು

ಕಾಮೆಂಟಲ್ಲಿ ಒಬ್ಬ ಬಾಯಿಗೆ ಬಂದ ಹಾಗೆ ಬೈತಾನೆ. ಅಳಿಸಿದ್ರೆ ಅಹಂಕಾರ ಅಂತಾರೆ.

ಅಳಿಸಿ. ಅದು ನಿಮ್ಮ ಅಂಗಳ. ಬರಹವನ್ನು ಟೀಕಿಸಿದ್ದನ್ನು ಉಳಿಸಿಕೊಳ್ಳಿ, ಮನುಷ್ಯರನ್ನು, ಜಾತಿಯನ್ನು, ಮನೆಯವರನ್ನು ಎಳೆದು ತಂದದ್ದನ್ನು ತೆಗೆಯಿರಿ. ಇನ್ನೊಬ್ಬರ ಮೇಲಿನ ಆರೋಪವನ್ನು ಉಳಿಸಿಕೊಂಡರೆ ತೊಂದರೆ ನಿಮ್ಮ ಬುಡಕ್ಕೂ ಬರಬಹುದು. ಅಂತರ್ಜಾಲದಲ್ಲಿ ಆಕ್ಷೇಪಾರ್ಹ ಸಂದೇಶ ಹಾಕುವುದನ್ನು ಅಪರಾಧವಾಗಿಸಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದು ಮಾಡಿತು, ನಿಜ. ಆದರೆ ಮಾನಹಾನಿ ಈಗಲೂ ಅಪರಾಧವೇ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 356ನೇ ಕಲಮು. ನೀವು ಬರೆಯುವಾಗಲೂ ಇದು ನೆನಪಿರಲಿ.

ದುಡ್ಡು ಬರತ್ತಾ? ಯಾರೋ ತಿಂಗಳಿಗೆ ಲಕ್ಷ ಅಂತಿದ್ರು.

ಹಾಗೆ ಹೇಳುವವರ ವರಮಾನ ‘ಲಕ್ಷ ಗಳಿಸುವುದು ಹೇಗೆ’ ಎಂಬ ತರಗತಿಯಿಂದ ಬರುತ್ತಿರುತ್ತದೆ. ಬ್ಲಾಗಿನಲ್ಲಿ ಜಾಹೀರಾತು ತೋರಿಸಿ ದುಡ್ಡು ಕೊಡುವ ಗೂಗಲ್ ಆಡ್‌ಸೆನ್ಸ್‌ಗೆ ಅರ್ಜಿ ಹಾಕುವ ದಿನ ಅದು ಒಪ್ಪುವ ಭಾಷೆಗಳ ಪಟ್ಟಿಯನ್ನೂ ನಿಯಮಗಳನ್ನೂ ಓದಿ. ಖಾತೆಯಲ್ಲಿ 10 ಡಾಲರ್ ಸೇರಿದಾಗ ನಿಮ್ಮ ಮನೆಗೆ ಅಂಚೆಯಲ್ಲಿ ಒಂದು ಪಿನ್ ಬರುತ್ತದೆ, 100 ಡಾಲರ್ ದಾಟದೆ ಬ್ಯಾಂಕಿಗೆ ಬಿಡಿಗಾಸೂ ಇಳಿಯದು. ವೈಯಕ್ತಿಕ ಬ್ಲಾಗಿಗೆ ಆ ನೂರು ಬಹುದೂರ. ಬ್ಲಾಗ್ ತಂದುಕೊಡುವುದು ಬೇರೆ: ಅಂಕಣಕ್ಕೆ ಕರೆ, ಅನುವಾದದ ಕೆಲಸ, ಪ್ರಕಾಶಕರ ಪರಿಚಯ. ಅದೂ ಎಲ್ಲರಿಗೂ ಅಲ್ಲ.

ಸರ್ಕಾರಿ ಕೆಲಸದಲ್ಲಿದ್ದೀನಿ. ಬರೀಬಹುದಾ?

ಕಥೆ, ಕವಿತೆ, ಪ್ರವಾಸ, ಅಡುಗೆ ಇವುಗಳಿಂದ ಸಾಮಾನ್ಯವಾಗಿ ತಕರಾರಿಲ್ಲ. ರಾಜ್ಯ ನೌಕರರಿಗೆ 2021ರ ನಡತೆ ನಿಯಮಗಳು ಅನ್ವಯಿಸುತ್ತವೆ. ಸರ್ಕಾರದ ನೀತಿಯ ಟೀಕೆ, ಕಚೇರಿಯ ಕಡತದ ಸಂಗತಿ ಬೇಡವೇ ಬೇಡ. ಜಾಹೀರಾತಿನಿಂದ ವರಮಾನ ಬರುವಂತಿದ್ದರೆ ಇಲಾಖೆಯನ್ನು ಬರಹದಲ್ಲಿ ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಅಂಕಿತನಾಮ ಇಟ್ಟರೆ ಯಾರಿಗೂ ಗೊತ್ತಾಗದು ಎಂದುಕೊಳ್ಳಬೇಡಿ. ನಿಮ್ಮ ಶೈಲಿ ಸಹೋದ್ಯೋಗಿಗಳಿಗೆ ಗೊತ್ತು.

ನನ್ನ ಬರಹ ವಾಟ್ಸಾಪಲ್ಲಿ ಓಡಾಡ್ತಿದೆ, ನನ್ನ ಹೆಸರೇ ಇಲ್ಲ!

ವಾಟ್ಸಾಪಿನಲ್ಲಿ ಹರಿದದ್ದನ್ನು ತಡೆಯುವ ಉಪಾಯ ಇಲ್ಲ. ಹೆಸರನ್ನು ಕೊನೆಯಲ್ಲಿ ಹಾಕಿದರೆ ಕತ್ತರಿಸುವುದು ಸುಲಭ. ಬರಹದ ನಡುವೆ ಎಲ್ಲಾದರೂ ನಿಮ್ಮ ಊರು, ಹೆಸರು ಸಹಜವಾಗಿ ಬರುವಂತೆ ಹೆಣೆಯಿರಿ. ಬೇರೆ ಬ್ಲಾಗೋ ತಾಣವೋ ಎತ್ತಿಕೊಂಡಿದ್ದರೆ ದಾರಿ ಇದೆ. ನಿಮ್ಮದೊಂದು ವಿಶಿಷ್ಟ ಸಾಲನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು ಗೂಗಲ್ ಮಾಡಿ, ಸಿಕ್ಕವರಿಗೆ ಮೊದಲು ಮರ್ಯಾದೆಯ ಪತ್ರ ಬರೆಯಿರಿ. ಬಗ್ಗದಿದ್ದರೆ ಗೂಗಲ್‌ನ ಕೃತಿಸ್ವಾಮ್ಯ ದೂರಿನ ಅರ್ಜಿ ತುಂಬಿ. ನಿಮ್ಮ ಬ್ಲಾಗಿನಲ್ಲಿರುವ ತಾರೀಖೇ ಅಲ್ಲಿ ನಿಮ್ಮ ಸಾಕ್ಷಿ.

## ಬರೆಯುತ್ತಿರುವವರಿಗೆ

ಸ್ವಂತ ಡೊಮೇನ್ ಯಾವಾಗ ತೊಗೋಬೇಕು?

ಒಂದು ವರ್ಷ ಬರೆದು, ಮುಂದೆಯೂ ಬರೆಯುತ್ತೇನೆ ಅನ್ನಿಸಿದಾಗ. ಡೊಮೇನ್ ನಿಮ್ಮದಾಗಿದ್ದರೆ ನಾಳೆ ಬ್ಲಾಗರ್ ಬಿಟ್ಟು ಬೇರೆಡೆ ಹೋದರೂ ಓದುಗರಿಗೆ ವಿಳಾಸ ಬದಲಾಗದು. ಡೊಮೇನ್ ಕೊಂಡ ತಾಣದಲ್ಲಿ ಡಿಎನ್‌ಎಸ್ ಎಂಬ ಪುಟ ಇರುತ್ತದೆ, ವಿಳಾಸ ಎಲ್ಲಿಗೆ ಹೋಗಬೇಕೆಂದು ಹೇಳುವುದು ಅಲ್ಲೇ. ಅದರಲ್ಲಿ ಬ್ಲಾಗರ್ ಕೊಡುವ ಎರಡು ‘ಸಿನೇಮ್’ (CNAME) ದಾಖಲೆಗಳನ್ನು ಸೇರಿಸಬೇಕು. ಹಳೆಯ ಬ್ಲಾಗ್‌ಸ್ಪಾಟ್ ಕೊಂಡಿಗಳು ತಾವಾಗಿಯೇ ಹೊಸದಕ್ಕೆ ತಿರುಗುತ್ತವೆ.

ಕೊಳ್ಳುವಾಗ ನಿಮ್ಮ ಹೆಸರಲ್ಲೇ, ನಿಮ್ಮ ಮಿಂಚಂಚೆಯಲ್ಲೇ ಕೊಳ್ಳಿ. ‘ನಾನೇ ಮಾಡಿಕೊಡ್ತೀನಿ’ ಅನ್ನುವ ಪರಿಚಿತ ಹುಡುಗನ ಖಾತೆಯಲ್ಲಿ ಡೊಮೇನ್ ಇದ್ದು, ಆತ ಊರು ಬಿಟ್ಟ ಮೇಲೆ ಪರದಾಡಿದವರಿದ್ದಾರೆ. ನವೀಕರಣ ಮರೆತರೆ ಹೆಸರು ಬೇರೆಯವರ ಪಾಲಾಗಿ, ನಿಮ್ಮ ಕವಿತೆಗಳಿದ್ದ ಜಾಗದಲ್ಲಿ ರಮ್ಮಿ ಜಾಹೀರಾತು ಕೂರುತ್ತದೆ.

ಗೂಗಲ್ ಏನಾದ್ರೂ ಬ್ಲಾಗರ್ ಮುಚ್ಚಿಬಿಟ್ರೆ?

ಮುಚ್ಚುತ್ತೇವೆ ಎಂದು ಅವರು ಹೇಳಿಲ್ಲ. ಆದರೆ 2013ರಲ್ಲಿ ಗೂಗಲ್ ರೀಡರ್, 2019ರಲ್ಲಿ ಗೂಗಲ್ ಪ್ಲಸ್ ಮುಚ್ಚಿದ್ದು ಇದೇ ಗೂಗಲ್. ಯಾಹೂ 2009ರಲ್ಲಿ ಜಿಯೋಸಿಟೀಸ್ ಮುಚ್ಚಿದಾಗ ಅಲ್ಲಿದ್ದ ಲಕ್ಷಾಂತರ ವೈಯಕ್ತಿಕ ಪುಟಗಳು ಹೋದವು. ಆದ್ದರಿಂದ ನೀವೇ ಪ್ರತಿ ಇಟ್ಟುಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ‘ಬ್ಯಾಕಪ್’ ಒತ್ತಿ ಎಲ್ಲ ಬರಹ, ಕಾಮೆಂಟುಗಳ ಕಡತವನ್ನು ಇಳಿಸಿಕೊಳ್ಳಬಹುದು. ಚಿತ್ರಗಳಿಗೆ ಅದೊಂದನ್ನೇ ನಂಬಬೇಡಿ. ಮೂಲ ಚಿತ್ರಗಳನ್ನು ಬೇರೆಯಾಗಿ ಜೋಪಾನ ಮಾಡಿ. ಮೂರು ತಿಂಗಳಿಗೊಮ್ಮೆ ಸಾಕು. ಕಡತವನ್ನು ಅದೇ ಗೂಗಲ್ ಡ್ರೈವ್‌ನಲ್ಲಿ ಇಟ್ಟು ನೆಮ್ಮದಿಯಾಗಿರಬೇಡಿ, ಪೆನ್‌ಡ್ರೈವಿನಲ್ಲೂ ಒಂದಿರಲಿ. ಮುಖ್ಯವಾದ ಬರಹಗಳ ವಿಳಾಸವನ್ನು ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ಗೆ ಕೊಟ್ಟು ಅಲ್ಲಿಯೂ ಉಳಿಸಬಹುದು.

ಅಪ್ಪನ ಬ್ಲಾಗ್ ಇದೆ. ಅವರು ತೀರಿಕೊಂಡ್ರು, ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಏನು ಮಾಡೋದು?

ಮೊದಲು ಓದಲು ಸಿಗುತ್ತಿರುವುದನ್ನೆಲ್ಲ ಉಳಿಸಿಕೊಳ್ಳಿ, ಅದಕ್ಕೆ ಪಾಸ್‌ವರ್ಡ್ ಬೇಡ. ಪಕ್ಕದಲ್ಲಿರುವ ವರ್ಷ, ತಿಂಗಳ ಪಟ್ಟಿ ಹಿಡಿದು ಒಂದೊಂದೇ ಬರಹವನ್ನು ಪಿಡಿಎಫ್ ಮಾಡಿಕೊಳ್ಳಿ. ಜೊತೆಗೆ ಪಠ್ಯವನ್ನು ಒಂದು ಡಾಕ್ಸ್ ಕಡತಕ್ಕೂ ನಕಲಿಸಿ. ಮುಂದೆ ಪುಸ್ತಕ ಮಾಡುವುದಾದರೆ ಬೇಕಾಗುವುದು ಅದೇ. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಯನ್ನು ಅಳಿಸುವ ನಿಯಮ ಗೂಗಲ್‌ನಲ್ಲಿದೆ, ಹಾಗಾಗಿ ವರ್ಷಾಂತಿಕ ಆಗಲಿ ಎಂದು ಮುಂದೂಡಬೇಡಿ.

ಖಾತೆಯ ಒಳಗಿನ ಕರಡುಗಳು ಬೇಕೆಂದರೆ ತೀರಿಕೊಂಡವರ ಖಾತೆಗೆಂದೇ ಗೂಗಲ್‌ನಲ್ಲಿ ಒಂದು ಅರ್ಜಿ ಇದೆ. ಮರಣ ಪ್ರಮಾಣಪತ್ರ, ನಿಮ್ಮ ಗುರುತಿನ ಚೀಟಿ ಕೊಡಬೇಕು. ಪಾಸ್‌ವರ್ಡನ್ನು ಅವರು ಯಾರಿಗೂ ಕೊಡುವುದಿಲ್ಲ. ಕೆಲವು ಸಂದರ್ಭಗಳಲ್ಲಿ ಒಳಗಿನ ಮಾಹಿತಿಯನ್ನು ಕೊಡುತ್ತಾರೆ. ನಿಮ್ಮದೇ ಬ್ಲಾಗ್ ಇದ್ದರೆ ಇವತ್ತೇ ಗೂಗಲ್ ಖಾತೆಯಲ್ಲಿ ‘ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್’ ತೆರೆದು, ಇಷ್ಟು ತಿಂಗಳು ನಾನು ಬರದಿದ್ದರೆ ಮಾಹಿತಿ ಇಂಥವರಿಗೆ ಹೋಗಲಿ ಎಂದು ಬರೆದಿಡಿ. 3ರಿಂದ 18 ತಿಂಗಳವರೆಗೆ ಅವಧಿ ಇಡಬಹುದು, ಹತ್ತು ಜನರವರೆಗೆ ಹೆಸರಿಸಬಹುದು. ಹೆಸರಿಸಿದವರಿಗೆ ಒಂದು ಮಾತು ಹೇಳಿಯೂ ಇಡಿ. ಇಲ್ಲದಿದ್ದರೆ ಆ ಮಿಂಚಂಚೆ ಬಂದಾಗ ಯಾವುದೋ ಮೋಸದ ಕೊಂಡಿ ಎಂದು ಅಳಿಸಿಬಿಡುತ್ತಾರೆ.